ಲ್ಯಾಪ್‌ಟಾಪ್‌ನ ಖಾಲಿ ಕಿಂಡಿಗೆ ಡಿವಿಡಿ ಡ್ರೈವ್ ಹಾಕಿಸಬಹುದೇ?

ಪ್ರಶ್ನೆ: ನನ್ನದು ಡಿವಿಡಿ ಡ್ರೈವ್ ಇಲ್ಲದ ಲ್ಯಾಪ್‌ಟಾಪ್. ಅದೇ ಸರಣಿಯ ಬೇರೆ ಮಾದರಿಗಳಲ್ಲಿ ಡ್ರೈವ್ ಇದೆ. ನನ್ನದರಲ್ಲಿ ಆ ಜಾಗಕ್ಕೆ ಪ್ಲಾಸ್ಟಿಕ್ ಮುಚ್ಚಳ ಹಾಕಿದ್ದಾರೆ. ಮದರ್‌ಬೋರ್ಡ್ ಮೇಲೆ ಕನೆಕ್ಟರ್ ಕೂರಿಸುವ ಗುರುತುಗಳಿವೆ, ಕನೆಕ್ಟರ್ ಇಲ್ಲ. ಬೆಸುಗೆ ಹಾಕಿಸಿದರೆ ಡ್ರೈವ್ ನಡೆಯುತ್ತದೆ ಎಂದು ರಿಪೇರಿಯವರು ಹೇಳುತ್ತಾರೆ. ಹಾಕಿಸಲೇ? ಮನೆಯ ಮದುವೆ ಮತ್ತು ಯಕ್ಷಗಾನದ ಹಳೆಯ ಡಿಸ್ಕ್‌ಗಳನ್ನು ನೋಡಬೇಕಿದೆ.

ಉತ್ತರ: ಬೇಡ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲ ಕಾರಣವನ್ನು ವಿವರವಾಗಿಯೇ ಬರೆಯುತ್ತಿದ್ದೇನೆ.

ಕನೆಕ್ಟರ್ ಇಲ್ಲದ ಬೋರ್ಡಿನಲ್ಲಿ ಸಾಮಾನ್ಯವಾಗಿ ಕಾಣೆಯಾಗಿರುವುದು ಕನೆಕ್ಟರ್ ಒಂದೇ ಅಲ್ಲ. ಭೂತಗನ್ನಡಿ ಹಿಡಿದು ಆ ಗುರುತುಗಳ ಹಿಂದಿನ ಗೆರೆಗಳನ್ನು ಹಿಂಬಾಲಿಸಿದರೆ ಇನ್ನೂ ಕೆಲವು ಖಾಲಿ ಚೌಕಗಳು ಸಿಗುತ್ತವೆ. ಸಾಟಾ (ಡ್ರೈವ್ ಮತ್ತು ಬೋರ್ಡ್ ನಡುವೆ ಮಾಹಿತಿ ಸಾಗಿಸುವ ಸಂಪರ್ಕ) ಸಂಕೇತದ ನಾಲ್ಕು ಗೆರೆಗಳ ಮೇಲೆ ಒಂದೊಂದು ಸಣ್ಣ ಕೆಪಾಸಿಟರ್ ಇರಬೇಕು. ಡ್ರೈವಿಗೆ 5 ವೋಲ್ಟ್ ಕೊಡುವ ಸ್ವಿಚ್ಚಿನ ಚಿಪ್ ಇರಬೇಕು. ಡ್ರೈವ್ ಕೊಡದ ಮಾದರಿಯಲ್ಲಿ ತಯಾರಕರು ಇವನ್ನೂ ಕೈಬಿಟ್ಟಿರುತ್ತಾರೆ. ಇವೆಲ್ಲವನ್ನೂ ಹುಡುಕಿ ಕೂರಿಸಿದರೂ ಬಯೋಸ್‌ನ (ಲ್ಯಾಪ್‌ಟಾಪ್ ಶುರುವಾಗುವಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಅಡ್ಡಿ ಉಳಿದೇ ಇರುತ್ತದೆ. ಇಂಟೆಲ್‌ನ ಇತ್ತೀಚಿನ ಚಿಪ್‌ಸೆಟ್‌ಗಳಲ್ಲಿ ಒಂದೇ ಸಂಪರ್ಕಮಾರ್ಗವನ್ನು ಸಾಟಾ ಆಗಿಯೂ ಪಿಸಿಐ ಎಕ್ಸ್‌ಪ್ರೆಸ್ (ಎಸ್‌ಎಸ್‌ಡಿ, ವೈ-ಫೈ ಕಾರ್ಡ್‌ಗಳಂಥವು ಬಳಸುವ ಸಂಪರ್ಕ) ಆಗಿಯೂ ಬಳಸಬಹುದು. ಯಾವುದೆಂದು ತೀರ್ಮಾನಿಸಿ ಬಯೋಸ್ ಇರುವ ಫರ್ಮ್‌ವೇರ್‌ನಲ್ಲಿ ಬರೆದಿಡುವವರು ತಯಾರಕರು. ಅಲ್ಲಿ ಆ ಪೋರ್ಟ್ ಮುಚ್ಚಿದ್ದರೆ ಎಷ್ಟೇ ಅಚ್ಚುಕಟ್ಟಾಗಿ ಬೆಸುಗೆ ಹಾಕಿದರೂ ವಿಂಡೋಸ್‌ಗೆ ಡ್ರೈವ್ ಕಾಣುವುದಿಲ್ಲ. ಆಗ ಅಂಗಡಿಯವರು ‘ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಸಮಸ್ಯೆ’ ಎಂದು ಇನ್ನಷ್ಟು ಹಣ ಕೇಳುತ್ತಾರೆ. ಇದು ಶುದ್ಧ ಸುಳ್ಳು. ಡಿವಿಡಿ ಡ್ರೈವಿಗೆ ಬೇಕಾದ ಡ್ರೈವರ್ ವಿಂಡೋಸ್‌ನಲ್ಲೇ ಇರುತ್ತದೆ.

ನಿಮ್ಮ ನಿಖರ ಮಾದರಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಡ್ರೈವ್ ಬಿಡಿಭಾಗವಾಗಿ ನಮೂದಾಗಿದ್ದು, ಕನೆಕ್ಟರ್ ಕೂಡ ಕಣ್ಣೆದುರಿಗೇ ಇದ್ದರೆ ಮಾತು ಬೇರೆ. ಆಗ ಧೈರ್ಯವಾಗಿ ಹಾಕಿಸಿ. ಆದರೆ ದಪ್ಪ 9.5 ಮಿ.ಮೀ.ನದೋ 12.7 ಮಿ.ಮೀ.ನದೋ ಎಂದು ಅಳೆದು, ಅದೇ ಮಾದರಿಯ ಮುಂಪಟ್ಟಿ ಮತ್ತು ಹಿಂಬದಿಯ ಕ್ಲಿಪ್ಪಿನ ಸಮೇತ ಕೊಳ್ಳಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್.ಪಿ. ರಸ್ತೆಯಲ್ಲಿ ‘ಎಲ್ಲದಕ್ಕೂ ಕೂರುತ್ತದೆ’ ಎಂದು ಕೊಡುವುದನ್ನು ತರಬೇಡಿ.

ನಿಮಗೆ ನಿಜವಾಗಿ ಬೇಕಿರುವುದು ಆ ಡಿಸ್ಕ್‌ಗಳೊಳಗಿನ ದೃಶ್ಯಗಳು. ಮನೆಯಲ್ಲಿ, ಸ್ಟುಡಿಯೋದಲ್ಲಿ ಬರೆದ ಡಿಸ್ಕ್‌ಗಳಲ್ಲಿ ಮಾಹಿತಿ ಉಳಿದಿರುವುದು ಸಾಮಾನ್ಯವಾಗಿ ಸಾವಯವ ಬಣ್ಣದ ತೆಳುಪದರದಲ್ಲಿ. ಬಿಸಿಲಿಗೂ ಸೆಕೆಗೂ ಅದು ಹಾಳಾಗುತ್ತದೆ. ಬೋರ್ಡನ್ನು ಅಂಗಡಿಯಿಂದ ಅಂಗಡಿಗೆ ಅಲೆಸುವ ತಿಂಗಳುಗಳಲ್ಲಿ ಕಳೆದುಹೋಗುವುದು ಅದೇ. ಯುಎಸ್‌ಬಿ ಡಿವಿಡಿ ಡ್ರೈವ್ ಒಂದನ್ನು ಕೊಳ್ಳಿ, ಇಲ್ಲವೇ ಯಾರಿಂದಾದರೂ ಎರವಲು ತನ್ನಿ. ಈ ವಾರವೇ ಎಲ್ಲವನ್ನೂ ಹಾರ್ಡ್ ಡಿಸ್ಕ್‌ಗೆ ನಕಲಿಸಿ, ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡಿ.

ಪ್ರಶ್ನೆ: ಎಂ.2 ಸ್ಲಾಟ್‌ಗೆ (ಎಸ್‌ಎಸ್‌ಡಿ ಕೂರಿಸುವ ಸಣ್ಣ ಕಿಂಡಿ) ಅಡಾಪ್ಟರ್ ಹಾಕಿ ಡಿವಿಡಿ ಡ್ರೈವ್ ಜೋಡಿಸಬಹುದೇ?

ಉತ್ತರ: ಎಂ.2 ಕೊಡುವುದು 3.3 ವೋಲ್ಟ್, ಡ್ರೈವಿಗೆ ಬೇಕಿರುವುದು 5 ವೋಲ್ಟ್.

ಪ್ರಶ್ನೆ: ಹಾರ್ಡ್ ಡಿಸ್ಕ್ ತೆಗೆದು ಅದೇ ಜಾಗಕ್ಕೆ ಹಾಕಿದರೆ?

ಉತ್ತರ: ಆ ಜಾಗದ ಅಗಲ ಸುಮಾರು 70 ಮಿ.ಮೀ., ಡಿಸ್ಕಿನ ವ್ಯಾಸವೇ 120 ಮಿ.ಮೀ. ದಯವಿಟ್ಟು ಕೇಳುವ ಮೊದಲು ಒಮ್ಮೆ ಅಳೆದು ನೋಡಿ.

ಪ್ರಶ್ನೆ: ಹೊರಗಿನ ಡ್ರೈವ್ ಡಿಸ್ಕ್ ತಿರುಗಿಸಲು ಶುರು ಮಾಡಿ ನಿಂತುಬಿಡುತ್ತದೆ.

ಉತ್ತರ: ಸಾಮಾನ್ಯವಾಗಿ ವಿದ್ಯುತ್ ಸಾಲದೆ ಹೀಗಾಗುತ್ತದೆ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್ ಮಾತ್ರ; ಮೋಟಾರ್ ತಿರುಗತೊಡಗುವ ಗಳಿಗೆಯಲ್ಲಿ ಅದಕ್ಕಿಂತ ಹೆಚ್ಚು ಬೇಕಾಗುತ್ತದೆ. ಯುಎಸ್‌ಬಿ 3.0 ಪೋರ್ಟ್‌ಗೆ ನೇರವಾಗಿ ಚುಚ್ಚಿ, ಇಲ್ಲವೇ ಸ್ವಂತ ಅಡಾಪ್ಟರ್ ಇರುವ ಹಬ್ ಬಳಸಿ.

ಪ್ರಶ್ನೆ: ಗೀರು ಬಿದ್ದ ಡಿಸ್ಕ್‌ಗೆ ಟೂತ್‌ಪೇಸ್ಟ್ ಉಜ್ಜಬಹುದೇ? ಲೇಸರ್‌ನ ಶಕ್ತಿ ಹೆಚ್ಚಿಸಿಕೊಡುತ್ತೇವೆ ಎನ್ನುವವರೂ ಇದ್ದಾರೆ.

ಉತ್ತರ: ಎರಡೂ ಬೇಡ. ಮೆದು ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿ, ಬೇರೊಂದು ಡ್ರೈವಿನಲ್ಲಿ ಹಾಕಿ ನೋಡಿ. ಸಿಡಿಯ ಗೀರು ಲೇಬಲ್ ಇರುವ ಬದಿಯಲ್ಲಿದ್ದರೆ ಅಲ್ಲಿನ ಮಾಹಿತಿ ಹೋಯಿತೆಂದೇ ತಿಳಿಯಿರಿ, ಏಕೆಂದರೆ ಮಾಹಿತಿಯ ಪದರ ಇರುವುದು ಲೇಬಲ್‌ನ ಕೆಳಗೇ. ಸ್ಕ್ರೂಡ್ರೈವರ್‌ನಿಂದ ಲೇಸರ್‌ನ ಪ್ರಿಸೆಟ್ (ಶಕ್ತಿ ಹೊಂದಿಸುವ ಸಣ್ಣ ತಿರುಪು) ತಿರುಗಿಸುವವರು ನಾಲ್ಕು ದಿನ ಡ್ರೈವ್ ಓಡಿಸಿ ತೋರಿಸಬಹುದು, ಆದರೆ ಲೇಸರ್ ಡಯೋಡಿನ ಆಯಸ್ಸು ಅಲ್ಲಿಗೆ ಮುಗಿಯುತ್ತದೆ. ಮುಚ್ಚಳ ಬಿಚ್ಚಿದ ಡ್ರೈವಿಗೆ ವಿದ್ಯುತ್ ಕೊಟ್ಟು ಲೆನ್ಸಿನೊಳಗೆ ಇಣುಕುವುದಂತೂ ಕಣ್ಣಿಗೇ ಅಪಾಯ. ಸಿಡಿ ಓದುವ 780 ನ್ಯಾನೋಮೀಟರ್ ಲೇಸರ್ ಹೆಚ್ಚುಕಡಿಮೆ ಕಣ್ಣಿಗೆ ಕಾಣುವುದೇ ಇಲ್ಲ.