ಯಾರನ್ನು ಕೊಡಬೇಕು, ಯಾವಾಗ ಕೊಡಬೇಕು?

ಪ್ರಿಯ ಓದುಗರೇ,

ಅಮೆರಿಕದ ಬೇಸ್‌ಬಾಲ್ ತಂಡ ಚಿಕಾಗೋ ವೈಟ್ ಸಾಕ್ಸ್ 2024ರಲ್ಲಿ 121, ಮರುವರ್ಷ 102 ಪಂದ್ಯ ಸೋತದ್ದನ್ನು ಕಂಡು ನೀವು ಬೇಸತ್ತಿದ್ದೀರಿ. ಮೇಜರ್ ಲೀಗ್ ಎಂಬ ಉನ್ನತ ಮಟ್ಟಕ್ಕೆ ಸಿದ್ಧರಾಗುತ್ತ ಕೆಳಹಂತದ ಮೈನರ್ ಲೀಗ್‌ನಲ್ಲಿರುವ ಹುಡುಗರಲ್ಲಿ ಕೆಲವರನ್ನು ಬೇರೆ ತಂಡಗಳಿಗೆ ಕೊಟ್ಟು ಪಳಗಿದ ಆಟಗಾರರನ್ನು ಏಕೆ ತರಬಾರದು, ಇನ್ನೆಷ್ಟು ವರ್ಷ ಕಾಯುವುದು ಎಂದು ಕೇಳಿದ್ದೀರಿ. ನಿಮ್ಮ ಸಂಕಟ ನ್ಯಾಯವಾದದ್ದೇ. ಆದರೂ ನಾನು ಹೇಳುವುದು, ಈಗ ಬೇಡ.

ನಿಮ್ಮ ವಾದಕ್ಕೆ ಬಲ ಕೊಡುವ ಉದಾಹರಣೆಯನ್ನೇ ಮೊದಲು ನೋಡೋಣ. 1985ರ ನಂತರ ಋತುವಿನ ಕೊನೆಯ ನಾಕೌಟ್ ಸುತ್ತಾದ ಪ್ಲೇಆಫ್‌ನ ಮುಖವನ್ನೇ ಕಾಣದಿದ್ದ ಕಾನ್ಸಾಸ್ ಸಿಟಿ ರಾಯಲ್ಸ್, 2012ರಲ್ಲೂ 90 ಪಂದ್ಯ ಸೋತಿತು. ಆ ಡಿಸೆಂಬರ್‌ನಲ್ಲಿ ವಿಲ್ ಮೈಯರ್ಸ್ ಎಂಬ ಭರವಸೆಯ ಬ್ಯಾಟರ್‌ನನ್ನು ಇನ್ನೂ ಮೂವರು ಯುವಕರೊಂದಿಗೆ ಟ್ಯಾಂಪಾ ಬೇ ತಂಡಕ್ಕೆ ಕೊಟ್ಟು ಪಿಚರ್‌ಗಳಾದ (ಚೆಂಡೆಸೆಯುವವರಾದ) ಜೇಮ್ಸ್ ಶೀಲ್ಡ್ಸ್, ವೇಡ್ ಡೇವಿಸ್ ಅವರನ್ನು ತಂದಿತು. ಮೈಯರ್ಸ್ ಮರುವರ್ಷವೇ ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನ ಅತ್ಯುತ್ತಮ ಹೊಸ ಆಟಗಾರನಾದ. ರಾಯಲ್ಸ್ ಮೋಸಹೋಯಿತು ಎಂದವರಿಗೆ ಲೆಕ್ಕವಿಲ್ಲ. ಆದರೆ 2014ರಲ್ಲಿ ತಂಡ ಋತುವಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ತಲುಪಿತು, 2015ರಲ್ಲಿ ಗೆದ್ದಿತು. ಆ ಕೊನೆಯ ಪಂದ್ಯದ ಹನ್ನೆರಡನೇ ಇನಿಂಗ್ಸ್‌ನಲ್ಲಿ ಎದುರಾಳಿ ನ್ಯೂಯಾರ್ಕ್ ಮೆಟ್ಸ್‌ನ ವಿಲ್ಮರ್ ಫ್ಲೋರೆಸ್‌ನನ್ನು ಸ್ಟ್ರೈಕ್‌ಔಟ್ ಮಾಡಿ ಆಟ ಮುಗಿಸಿದವನು ಇದೇ ಡೇವಿಸ್.

ಆ ವಿನಿಮಯ ಅಷ್ಟು ಫಲ ಕೊಟ್ಟದ್ದೇಕೆ? ರಾಯಲ್ಸ್‌ನ ಯುವ ಬ್ಯಾಟರ್‌ಗಳಾದ ಹಾಸ್ಮರ್, ಮುಸ್ಟಾಕಸ್, ಪೆರೆಜ್, ಕೇನ್ ಆಗಲೇ ಮೇಜರ್ ಲೀಗ್‌ನಲ್ಲಿ ಆಡುತ್ತಿದ್ದರು. ಕೊರತೆ ಇದ್ದದ್ದು ಪಿಚಿಂಗ್‌ನಲ್ಲಿ. ಶೀಲ್ಡ್ಸ್ ಎರಡು ಪೂರ್ಣ ಋತುಗಳಿಗೆ ಸಿಗುವಂತಿದ್ದ, ಡೇವಿಸ್ ಅದಕ್ಕೂ ಹೆಚ್ಚು ಕಾಲ.

ಇನ್ನು ನಿಮ್ಮ ತಂಡದ್ದೇ ಕಥೆ. 2016ರ ಋತುವಿನ ಮೊದಲ 33 ಪಂದ್ಯಗಳಲ್ಲಿ 23 ಗೆದ್ದ ವೈಟ್ ಸಾಕ್ಸ್ ಅಲ್ಲಿಂದ ಜಾರತೊಡಗಿತು. ಗಾಬರಿಗೊಂಡು ಜೂನ್‌ನಲ್ಲಿ ಅದೇ ಶೀಲ್ಡ್ಸ್‌ನನ್ನು ಸ್ಯಾನ್ ಡಿಯಾಗೋದಿಂದ ತಂದಿತು. ಚಿಕಾಗೋ ಪರ ಆ ವರ್ಷ ಪಿಚರ್ ಆಗಿ ಅವನ ಖಾತೆಗೆ ಬಂದದ್ದು 4 ಗೆಲುವು, 12 ಸೋಲು. ತಂಡ 84 ಸೋಲುಗಳೊಂದಿಗೆ ಋತು ಮುಗಿಸಿತು. ಬದಲಿಗೆ ಕೊಟ್ಟ ಇಬ್ಬರಲ್ಲಿ ಒಬ್ಬ, ವೃತ್ತಿಪರ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಿರದ 17 ವರ್ಷದ ಹುಡುಗ ಫರ್ನಾಂಡೊ ಟಾಟಿಸ್ ಜೂನಿಯರ್. 2021ರಲ್ಲಿ 42 ಹೋಂ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಹೊಡೆದು ಇನ್ನೊಂದು ವಿಭಾಗವಾದ ನ್ಯಾಷನಲ್ ಲೀಗ್‌ನ ಮೊದಲ ಸ್ಥಾನದಲ್ಲಿ ನಿಂತವನು ಅವನು. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಹುಡುಗನೊಬ್ಬನನ್ನು ಕೊಡುವಾಗ ಕೈಬಿಡುವುದು ಅವನ ಪ್ರತಿಭೆಯನ್ನಷ್ಟೇ ಅಲ್ಲ. ಮೇಜರ್ ಲೀಗ್‌ಗೆ ಬಂದ ಆಟಗಾರ ಫ್ರೀ ಏಜೆಂಟ್ ಆಗಲು, ಅಂದರೆ ಇಷ್ಟಬಂದ ತಂಡ ಸೇರುವ ಸ್ವಾತಂತ್ರ್ಯ ಪಡೆಯಲು, ಆರು ಋತುಗಳ ಸೇವೆ ಬೇಕು. ಮೊದಲ ಮೂರರಲ್ಲಿ ಸಂಬಳ ಹೆಚ್ಚುಕಡಿಮೆ ಕನಿಷ್ಠ ಮಟ್ಟದ್ದೇ. ಅಷ್ಟೂ ವರ್ಷಗಳು ಕೈತಪ್ಪುತ್ತವೆ. ನೂರು ಪಂದ್ಯ ಸೋಲುವ ತಂಡಕ್ಕೆ ಒಬ್ಬ ಹಿರಿಯ ಪಿಚರ್ ಬಂದರೆ ಸೋಲು ತೊಂಬತ್ತೈದಕ್ಕೆ ಇಳಿಯಬಹುದು. ಅದಕ್ಕೆ ಇಷ್ಟು ಬೆಲೆಯೇ?

ಹಾಗೆಂದು ಆಡಳಿತ ಕೈಕಟ್ಟಿ ಕೂರಬೇಕೆಂದಲ್ಲ. ಅನುಭವಿಗಳು ಬೇಕಿದ್ದರೆ ಹಣ ಕೊಟ್ಟು ತರಲಿ. 2023ರ ಕೊನೆಗೆ ಕೊರಿಯಾದಿಂದ ಪಿಚರ್ ಎರಿಕ್ ಫೆಡ್ಡಿಯನ್ನು ಎರಡು ವರ್ಷಕ್ಕೆ ತಂದರು, ಯಾವ ಹುಡುಗನನ್ನೂ ಕೊಡಲಿಲ್ಲ. ಮರುವರ್ಷ ಜುಲೈನಲ್ಲಿ ಅವನನ್ನೂ ಒಳಗೊಂಡ ಮೂರು ತಂಡಗಳ ವಿನಿಮಯದಲ್ಲಿ ಮಿಗೆಲ್ ವರ್ಗಸ್ ಸೇರಿ ಮೂವರು ಯುವಕರು ದೊರೆತರು. ಸದ್ಯಕ್ಕೆ ಇದೇ ಸರಿಯಾದ ದಾರಿ. 2025ರ ಜುಲೈನಲ್ಲಿ ಬಂದು ಉಳಿದ ಪಂದ್ಯಗಳಲ್ಲೇ 21 ಹೋಂ ರನ್ ಹೊಡೆದ ಕೋಲ್ಸನ್ ಮಾಂಟ್ಗೊಮರಿಯಂಥವರು ಇನ್ನೂ ಮೂರ್ನಾಲ್ಕು ಮಂದಿ ತಂಡದಲ್ಲಿ ನೆಲೆಯೂರಿ, ಗೆಲುವು ಸೋಲು ಸಮಸಮವಾದ ದಿನ ನೀವು ಇದೇ ಪ್ರಶ್ನೆ ಕೇಳಿ. ಆಗ ಕೊಡಿ ಎಂದೇ ಹೇಳುತ್ತೇನೆ.

ಸಂಪಾದಕ