ಕೋಡಿಂಗ್ ಬರದಿದ್ದರೂ ರಿಲೀಸ್ ತಂಡ ಸೇರಬಹುದಾ?

ಪ್ರಶ್ನೆ: ಬಿಸಿಎ ಮುಗಿಸಿ, ಸೋಮವಾರಪೇಟೆ ಹತ್ತಿರ ಅಪ್ಪನ ಜೊತೆ ಕಾಫಿ ತೋಟ ನೋಡಿಕೊಳ್ಳುತ್ತಿದ್ದೇನೆ. ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ) ತಂತ್ರಾಂಶದ ರಿಲೀಸ್ ಮ್ಯಾನೇಜ್‌ಮೆಂಟ್‌ನಲ್ಲಿ, ಅಂದರೆ ಹೊಸ ಆವೃತ್ತಿಗಳ ಬಿಡುಗಡೆ ನೋಡಿಕೊಳ್ಳುವ ಕೆಲಸದಲ್ಲಿ, ಕೈಜೋಡಿಸುವ ಆಸೆ. ಕೋಡಿಂಗ್ ಅಷ್ಟಾಗಿ ಬರುವುದಿಲ್ಲ. ಮಳೆಗಾಲದಲ್ಲಿ ಕರೆಂಟ್, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ. ನನ್ನಿಂದ ಆಗುತ್ತಾ?

ಉತ್ತರ: ಖಂಡಿತ ಆಗುತ್ತೆ. ಈ ಕೆಲಸದಲ್ಲಿ ಕೋಡ್ ಬರೆಯುವುದಕ್ಕಿಂತ ಬೆನ್ನು ಹತ್ತುವುದೇ ಜಾಸ್ತಿ. ಯಾವ ಬಗ್ (ತಂತ್ರಾಂಶದ ದೋಷ) ಸರಿಯಾಗಿದೆ, ಯಾವುದು ಬಾಕಿ, ಯಾವುದನ್ನು ಮುಂದಿನ ಆವೃತ್ತಿಗೆ ತಳ್ಳಬಹುದು, ಯಾವುದಕ್ಕಾಗಿ ಬಿಡುಗಡೆಯನ್ನೇ ನಿಲ್ಲಿಸಬೇಕು ಅಂತ ಯಾರಾದರೂ ಲೆಕ್ಕ ಇಡಬೇಕಲ್ವಾ?

ನಾನಾದರೆ ಪತ್ರ, ಲೆಕ್ಕದ ಹಾಳೆ ಮಾಡುವ ಉಚಿತ ತಂತ್ರಾಂಶ ಲಿಬ್ರೆಆಫೀಸ್‌ನಿಂದ ಶುರು ಮಾಡಿ ಎನ್ನುತ್ತೇನೆ. ಅದರ ದೊಡ್ಡ ಆವೃತ್ತಿಗಳು ಫೆಬ್ರುವರಿ ಮತ್ತು ಆಗಸ್ಟ್‌ನಲ್ಲಿ ಬರುತ್ತವೆ. ಅದಕ್ಕೂ ಕೆಲವು ವಾರ ಮೊದಲು ರಿಲೀಸ್ ಕ್ಯಾಂಡಿಡೇಟ್ (ಚಿಕ್ಕದಾಗಿ ಆರ್‌ಸಿ), ಅಂದರೆ ಬಿಡುಗಡೆಗೆ ಮುಂಚಿನ ಪ್ರಾಯೋಗಿಕ ಪ್ರತಿ, ಪರೀಕ್ಷೆಗೆ ಸಿಗುತ್ತದೆ. ಇಳಿಸಿಕೊಂಡು ಕನ್ನಡದಲ್ಲೇ ಒಂದು ಪುಟ ಟೈಪ್ ಮಾಡಿ. ‘ಸೂರ್ಯ’, ‘ರಾಷ್ಟ್ರ’, ‘ಲಕ್ಷ್ಮಿ’ ಎಂಬ ಪದಗಳಿರಲಿ. ಪಿಡಿಎಫ್ ಮಾಡಿ ತೆರೆದು ನೋಡಿ. ಒತ್ತಕ್ಷರ ಒಡೆದಿದೆಯಾ? ಪಿಡಿಎಫ್‌ನಿಂದ ಕಾಪಿ ಮಾಡಿದಾಗ ಅಕ್ಷರ ಅದಲುಬದಲಾಗುತ್ತಾ? ಆಗಿದ್ದರೆ ಹಿಂದಿನ ಆವೃತ್ತಿಯಲ್ಲೂ ಹಾಗೇ ಇತ್ತಾ ಅಂತ ನೋಡಿ. ಈ ಒಂದು ಹೆಜ್ಜೆ ಬಹಳ ಜನ ಮಾಡುವುದಿಲ್ಲ. ಹೊಸದಾಗಿ ಹುಟ್ಟಿದ ತೊಂದರೆಯೋ ಹಳೆಯದೋ ಅನ್ನುವುದರ ಮೇಲೆಯೇ ರಿಲೀಸ್ ತಂಡದ ತೀರ್ಮಾನ ನಿಂತಿರುತ್ತದೆ. ಇಂಥ ಕನ್ನಡದ ತೊಂದರೆ ನಮ್ಮ ಕಣ್ಣಿಗೆ ಬೀಳದಿದ್ದರೆ ಇನ್ಯಾರ ಕಣ್ಣಿಗೆ ಬೀಳಬೇಕು?

ಒಂದೆರಡು ಬಿಡುಗಡೆಗೆ ಹೀಗೆ ಕೆಲಸ ಮಾಡಿದ ಮೇಲೆ ಕುಬರ್ನೆಟಿಸ್ ಕಡೆ ನೋಡಿ. ಅದು ಹಲವು ಸರ್ವರ್‌ಗಳಲ್ಲಿ ತಂತ್ರಾಂಶಗಳನ್ನು ನಡೆಸಿ ನಿಭಾಯಿಸುವ ಓಪನ್ ಸೋರ್ಸ್ ತಂತ್ರಾಂಶ. ಅಲ್ಲಿ ವರ್ಷಕ್ಕೆ 3 ಬಿಡುಗಡೆ. ಪ್ರತಿ ಸಲವೂ ‘ಶ್ಯಾಡೋ’ ಅಂತ ಹೊಸಬರನ್ನು ತಂಡಕ್ಕೆ ಸೇರಿಸಿಕೊಂಡು, ಅನುಭವಸ್ಥರ ಜೊತೆ ಕೂರಿಸಿ ಕಲಿಸುತ್ತಾರೆ. ಅರ್ಜಿ ಹಾಕಬೇಕು, ಪೈಪೋಟಿ ಇದೆ. ಮೊದಲ ಸಲ ಸಿಗದಿದ್ದರೆ ಬೇಜಾರಾಗಬೇಡಿ.

ಇನ್ನು ಕರೆಂಟ್ ವಿಷಯ. ಆಗಸ್ಟ್ ಆವೃತ್ತಿಯ ಪರೀಕ್ಷೆ ಜುಲೈ ಮಳೆಯಲ್ಲೇ ಬರುತ್ತದೆ, ಫೆಬ್ರುವರಿಯದ್ದು ಸರಿಯಾಗಿ ಕಾಫಿ ಕೊಯ್ಲಿನ ಹೊತ್ತಿಗೆ. ಎರಡೂ ನಿಮಗೆ ಕಷ್ಟದ ತಿಂಗಳೇ. ಹಾಗಾಗಿ ಚಿಕ್ಕ ಕೆಲಸ ಒಪ್ಪಿಕೊಳ್ಳಿ, ಯಾವ ವಾರ ಸಿಗುವುದಿಲ್ಲ ಅಂತ ಮೊದಲೇ ಹೇಳಿಬಿಡಿ. ಹೇಳಿ ಹೋದವರ ಕೆಲಸವನ್ನು ಬೇರೆಯವರು ನೋಡಿಕೊಳ್ಳುತ್ತಾರೆ. ಸುಮ್ನೆ ಕಾಣೆಯಾದರೆ ಇಡೀ ತಂಡ ಕಾಯುತ್ತಾ ಕೂರುತ್ತದೆ. ಫೈಲ್ ಕೆಲವು ನೂರು ಎಂಬಿ ಇರುತ್ತದೆ, ಪೇಟೆಗೆ ಹೋದಾಗ ಇಳಿಸಿಕೊಂಡು ಬನ್ನಿ. ಪರೀಕ್ಷೆಗೆ ನೆಟ್ ಬೇಕಿಲ್ಲ.

ತೋಟದ ಲೆಕ್ಕ ಇರುವ ಲ್ಯಾಪ್‌ಟಾಪ್‌ಗೆ ಮಾತ್ರ ಆರ್‌ಸಿ ಹಾಕಬೇಡಿ. ಬೇರೆ ಇಲ್ಲ ಅಂದರೆ ಮೊದಲು ಎಲ್ಲವನ್ನೂ ಪೆನ್‌ಡ್ರೈವ್‌ಗೆ ಕಾಪಿ ಮಾಡಿಟ್ಟುಕೊಳ್ಳಿ.