ಟೂರ್ ಡಿ ಫ್ರಾನ್ಸ್‌ನಲ್ಲಿ ಕಪ್ಪುವರ್ಣೀಯ ಸವಾರರು ಏಕೆ ಇಷ್ಟು ಕಡಿಮೆ?

ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ಓಟ, ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ಗಳಲ್ಲಿ ಮುಂಚೂಣಿಯಲ್ಲಿರುವ ಕಪ್ಪುವರ್ಣೀಯ ಕ್ರೀಡಾಪಟುಗಳು ಸೈಕಲ್ ರೇಸ್‌ಗಳಲ್ಲಿ ಏಕೆ ಕಾಣಿಸುವುದಿಲ್ಲ ಎಂಬುದು ಒಂದು. ಅವರ ದೇಹರಚನೆಯೇ ಈ ಆಟಕ್ಕೆ ಒಗ್ಗುವುದಿಲ್ಲವೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಹೆಚ್ಚು ಮಾತು ಬೇಕಿಲ್ಲವಾದ್ದರಿಂದ ಅದನ್ನೇ ಮೊದಲು ಮುಗಿಸುತ್ತೇನೆ. 1899ರಲ್ಲಿ ಮಾಂಟ್ರಿಯಲ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 1 ಮೈಲಿಯ ಸ್ಪ್ರಿಂಟ್ ಗೆದ್ದವರು ಅಮೆರಿಕದ ಕಪ್ಪುವರ್ಣೀಯ ಸವಾರ ಮಾರ್ಷಲ್ ‘ಮೇಜರ್’ ಟೇಲರ್. ಅದಾದ 125 ವರ್ಷಕ್ಕೆ, ಮೂರು ವಾರ ನಡೆಯುವ ರಸ್ತೆ ರೇಸ್ ಆದ ಟೂರ್ ಡಿ ಫ್ರಾನ್ಸ್‌ನ 2024ರ ಆವೃತ್ತಿಯಲ್ಲಿ, ಪೂರ್ವ ಆಫ್ರಿಕಾದ ಎರಿಟ್ರಿಯಾದ ಬಿನಿಯಾಮ್ ಗಿರ್ಮೇ 3 ಹಂತಗಳನ್ನು (ಒಂದೊಂದು ದಿನದ ರೇಸ್‌ಗಳನ್ನು) ಗೆದ್ದು, ಪಾಯಿಂಟ್ಸ್ ಪಟ್ಟಿಯ ಅಗ್ರಸ್ಥಾನಿಗೆ ಸಲ್ಲುವ ಹಸಿರು ಜೆರ್ಸಿಯನ್ನು ಪ್ಯಾರಿಸ್ ಅಲ್ಲ, ಆ ವರ್ಷ ಟೂರ್ ಮುಗಿದ ನೀಸ್ ನಗರದವರೆಗೂ ಉಳಿಸಿಕೊಂಡರು. ಒಗ್ಗದ ದೇಹಕ್ಕೆ ಇವೆಲ್ಲ ಸಾಧ್ಯವಾಗುವ ಮಾತಲ್ಲ.

ಮೊದಲ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ‘ಸೈಕಲ್ ದುಬಾರಿ’ ಎಂಬುದು. ಅದು ನಿಜ, ಆದರೆ ಅರ್ಧ ನಿಜ. ಕಾರ್ಬನ್ ಫ್ರೇಮ್, ಎಲೆಕ್ಟ್ರಾನಿಕ್ ಗೇರ್, ಪವರ್ ಮೀಟರ್ ಎಲ್ಲ ಸೇರಿದರೆ ವೃತ್ತಿಪರರು ತುಳಿಯುವ ಸೈಕಲ್‌ನ ಬೆಲೆ ಇಂದು 10 ಲಕ್ಷ ರೂಪಾಯಿ ದಾಟುತ್ತದೆ. ಬೆಂಗಳೂರಿನಲ್ಲಿ ಹವ್ಯಾಸಿಯಾಗಿ ರೇಸ್ ಮಾಡುವ ನನಗೆ ಈ ಅಂತರ ಮನೆಯಂಗಳದಲ್ಲೇ ಕಾಣುತ್ತದೆ: ರಾಜ್ಯಕ್ಕೆ ಪದಕ ತರುವವರಲ್ಲಿ ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿ ಮಕ್ಕಳದೇ ಮೇಲುಗೈ, ಭಾನುವಾರ ಬೆಳಿಗ್ಗೆ ನಂದಿಬೆಟ್ಟ ಹತ್ತುವ ನಮ್ಮಂಥವರ ಸೈಕಲ್‌ಗಳು ಅವರವಕ್ಕಿಂತ ದುಬಾರಿ, ಕಾಲುಗಳು ಮಾತ್ರ ಅಷ್ಟು ಗಟ್ಟಿಯಲ್ಲ. ಹಾಗಿದ್ದರೂ ಹಣವೊಂದೇ ಕಾರಣವಾಗಿದ್ದರೆ ಕೊಲಂಬಿಯಾದ ಬಡ ರೈತರ ಮಕ್ಕಳು ಟೂರ್‌ಗೆ ಬಂದದ್ದು ಹೇಗೆ ಎಂಬುದನ್ನು ವಿವರಿಸಲಾಗದು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನನ್ನ ದೃಷ್ಟಿಯಲ್ಲಿ ನಿಜವಾದ ಕಾರಣ ಈ ಆಟದ ಒಳರಚನೆಯಲ್ಲೇ ಇದೆ. ನೂರು ಮೀಟರ್ ಓಟಗಾರನಿಗೆ ಅವನದೇ ಲೇನ್ ಇರುತ್ತದೆ, ಗಡಿಯಾರ ಅವನ ಬಣ್ಣ ನೋಡುವುದಿಲ್ಲ. ರಸ್ತೆ ಸೈಕ್ಲಿಂಗ್‌ನಲ್ಲಿ ಲೇನ್ ಎಂಬುದಿಲ್ಲ. ಇರುವುದು ಪೆಲೋಟಾನ್, ಅಂದರೆ ಭುಜಕ್ಕೆ ಭುಜ ತಾಗಿಸಿಕೊಂಡು ಸಾಗುವ 150ಕ್ಕೂ ಹೆಚ್ಚು ಸವಾರರ ಗುಂಪು. ಮುಂದಿನವನ ಚಕ್ರ ಹಿಡಿದು ಗಾಳಿಮರೆಯಲ್ಲಿ ಸಾಗಿದರೆ ಸುಮಾರು ಮೂರನೇ ಒಂದು ಭಾಗದಷ್ಟು ಶ್ರಮ ಉಳಿಯುತ್ತದೆ, ಆ ಮರೆ ಸಿಗದವನು ಎಷ್ಟೇ ಬಲಶಾಲಿಯಾದರೂ ನಾಲ್ಕು ಗಂಟೆಗಳ ನಂತರದ ಏರಿನಲ್ಲಿ ಹಿಂದೆ ಬೀಳುತ್ತಾನೆ. ಮರೆ ಕೊಡುವುದು, ಬಿಡುವುದು ಗುಂಪಿನ ಮರ್ಜಿ. ನಮ್ಮ ಪುಟ್ಟ ರೇಸ್‌ಗಳಲ್ಲೇ ಪರಿಚಯವಿಲ್ಲದ ಸವಾರ ತಿರುವಿನ ಮುಂಚೆ ಸಾಲಿನೊಳಗೆ ಬರಲು ನೋಡಿದರೆ ಒಬ್ಬರೂ ಚಕ್ರ ಬಿಟ್ಟುಕೊಡುವುದಿಲ್ಲ, ಮೊಣಕೈ ಒಂದಿಷ್ಟು ಹೊರಗೆ ಚಾಚಿದರೆ ಸಾಕು, ಅವನು ರಸ್ತೆಯ ಅಂಚಿಗೆ ಹೋಗಲೇಬೇಕು. ಯಾವ ರೆಫರಿಯೂ ಅದನ್ನು ತಪ್ಪೆಂದು ಬರೆದುಕೊಳ್ಳುವುದಿಲ್ಲ.

ಟೇಲರ್ ಅನುಭವಿಸಿದ್ದು ಇದರ ಅತ್ಯಂತ ಕ್ರೂರ ರೂಪ. ಅಮೆರಿಕದ ಸೈಕಲ್ ಸವಾರರ ಮುಖ್ಯ ಸಂಸ್ಥೆಯಾಗಿದ್ದ ಲೀಗ್ ಆಫ್ ಅಮೆರಿಕನ್ ವೀಲ್‌ಮೆನ್ 1894ರಲ್ಲೇ ಸದಸ್ಯತ್ವವನ್ನು ಬಿಳಿಯರಿಗೆ ಮಾತ್ರ ಮೀಸಲಿಟ್ಟಿತ್ತು. ದಕ್ಷಿಣದ ರಾಜ್ಯಗಳ ಟ್ರ್ಯಾಕ್‌ಗಳು ಟೇಲರ್ ಪಾಲಿಗೆ ಮುಚ್ಚಿದ್ದವು. ಓಡಲು ಬಿಟ್ಟ ಕಡೆಗಳಲ್ಲಿ ಎದುರಾಳಿಗಳು ಒಟ್ಟುಗೂಡಿ ಎಡ, ಬಲ, ಮುಂದೆ ಸುತ್ತುವರಿದು ಅವರನ್ನು ಮಧ್ಯದಲ್ಲಿ ಕಟ್ಟಿಹಾಕುತ್ತಿದ್ದರು, ಆದ್ದರಿಂದಲೇ ಅವರು ಆರಂಭದಿಂದ ಮುಂದೆ ನುಗ್ಗುವ ತಂತ್ರವನ್ನು ರೂಢಿಸಿಕೊಂಡರು. 1897ರಲ್ಲಿ ಮ್ಯಾಸಚೂಸೆಟ್ಸ್‌ನ ಟಾಂಟನ್‌ನಲ್ಲಿ ರೇಸ್ ಮುಗಿದ ಕೂಡಲೇ ಸೋತ ಸವಾರನೊಬ್ಬ ಅವರನ್ನು ಸೈಕಲ್‌ನಿಂದ ಕೆಡವಿ, ಪ್ರಜ್ಞೆ ತಪ್ಪುವವರೆಗೂ ಕುತ್ತಿಗೆ ಹಿಸುಕಿದ. ಅವನಿಗೆ ಬಿದ್ದ ದಂಡ 50 ಡಾಲರ್. ವಿಶ್ವ ಚಾಂಪಿಯನ್ ಆಗಿದ್ದ ಟೇಲರ್ 1932ರಲ್ಲಿ ಷಿಕಾಗೋದ ಆಸ್ಪತ್ರೆಯೊಂದರ ಧರ್ಮಾರ್ಥ ವಾರ್ಡಿನಲ್ಲಿ ತೀರಿಕೊಂಡರು. ಆ ವೀಲ್‌ಮೆನ್ ಲೀಗ್ ತನ್ನ ಹಳೆಯ ನಿಷೇಧವನ್ನು ವಿಧ್ಯುಕ್ತವಾಗಿ ತಳ್ಳಿಹಾಕಿದ್ದು 1999ರಲ್ಲಿ.

‘ಅದು ಆ ಕಾಲ’ ಎನ್ನಬಹುದು. ಆದರೆ 1903ರಲ್ಲಿ ಆರಂಭವಾದ ಟೂರ್ ಡಿ ಫ್ರಾನ್ಸ್‌ನಲ್ಲಿ ಮೊದಲ ಕಪ್ಪುವರ್ಣೀಯ ಸವಾರ, ಕೆರಿಬಿಯನ್‌ನ ಫ್ರೆಂಚ್ ದ್ವೀಪ ಗ್ವಾಡೆಲೂಪ್‌ನ ಯೊಹಾನ್ ಜೆನ್, ಕಾಣಿಸಿಕೊಂಡದ್ದು 2011ರಲ್ಲಿ. 2015ರಲ್ಲಿ ಆಸ್ಟ್ರಿಯಾದ ರೇಸ್‌ನಲ್ಲಿ ಎರಿಟ್ರಿಯಾದ ನತ್ನಾಯೆಲ್ ಬೆರ್ಹಾನೆ, 2017ರಲ್ಲಿ ಸ್ವಿಟ್ಜರ್ಲೆಂಡ್‌ನ ರೋಮಾಂಡಿಯಲ್ಲಿ ಫ್ರಾನ್ಸ್‌ನ ಕೆವಿನ್ ರೆಝಾ ಸಹಸವಾರರಿಂದ ಜನಾಂಗೀಯ ನಿಂದನೆಗೆ ಗುರಿಯಾದರು. ಎರಡನೆಯ ಪ್ರಕರಣದಲ್ಲಿ ನಿಂದಿಸಿದವನಿಗೆ ತಂಡ ಕೊಟ್ಟ ಶಿಕ್ಷೆ 6 ವಾರಗಳ ಅಮಾನತು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ಸವಾರರು ಒಬ್ಬೊಬ್ಬರಾಗಿ ಗಡಿಯಾರದ ವಿರುದ್ಧ ಸಾಗುವ ಟೈಮ್ ಟ್ರಯಲ್‌ನಲ್ಲಂತೂ ಜರ್ಮನಿಯ ಸೈಕ್ಲಿಂಗ್ ಒಕ್ಕೂಟದ ಕ್ರೀಡಾ ನಿರ್ದೇಶಕರು, ಮುಂದೆ ಹೋಗುತ್ತಿದ್ದ ಅಲ್ಜೀರಿಯಾ ಮತ್ತು ಎರಿಟ್ರಿಯಾದ ಸವಾರರನ್ನು ‘ಒಂಟೆ ಹೊಡೆಯುವವರು’ ಎಂದು ಕರೆದು, ಅವರನ್ನು ಹಿಡಿಯುವಂತೆ ತಮ್ಮ ಸವಾರನಿಗೆ ಕೂಗಿ ಹೇಳಿದ್ದು ಟಿ.ವಿ.ಯಲ್ಲೇ ಕೇಳಿಸಿತು. ಆ ನಿರ್ದೇಶಕರನ್ನು ಮನೆಗೆ ಕಳುಹಿಸಲಾಯಿತು. 2020ರ ಟೂರ್‌ನಲ್ಲಿ ಆರಂಭಿಸಿದ 176 ಸವಾರರಲ್ಲಿ ರೆಝಾ ಒಬ್ಬರೇ ಕಪ್ಪುವರ್ಣೀಯರು. ಬೇರೆ ಹಲವು ಕ್ರೀಡೆಗಳು ಜನಾಂಗೀಯ ದ್ವೇಷದ ವಿರುದ್ಧ ದನಿಯೆತ್ತಿದ್ದ ಆ ವರ್ಷ, ಪೆಲೋಟಾನ್ ಅವರನ್ನು ಮುಂದಿನ ಸಾಲಿಗೆ ಕರೆದು ಮಾಸ್ಕ್‌ಗಳ ಮೇಲೆ ಘೋಷಣೆ ಬರೆದುಕೊಂಡದ್ದು ಕೊನೆಯ ದಿನ. ಆ ಸಾಲಿನಲ್ಲಿ ಅವರೊಬ್ಬರೇ ಕಪ್ಪುವರ್ಣೀಯರಾಗಿ ನಿಂತ ಚಿತ್ರ ನನಗೆ ಬೆಂಬಲಕ್ಕಿಂತ ಹೆಚ್ಚಾಗಿ ಎಣಿಕೆಯನ್ನೇ ತೋರಿಸಿತು.

ಗುಂಪಿನೊಳಗಿನ ವರ್ತನೆ ಒಂದು ಕಡೆಯಾದರೆ, ಗುಂಪಿನ ಬಾಗಿಲಿಗೆ ಬರುವುದೇ ಇನ್ನೊಂದು ಕಷ್ಟ. ಸವಾರನನ್ನು ತಂಡಗಳು ಆರಿಸುವುದು ಬೆಲ್ಜಿಯಂ, ಫ್ರಾನ್ಸ್, ಇಟಲಿ, ಸ್ಪೇನ್‌ಗಳಲ್ಲಿ ನಡೆಯುವ ಕಿರಿಯರ ರೇಸ್‌ಗಳನ್ನು ನೋಡಿ. ಬೆಲ್ಜಿಯಂನ ಫ್ಲಾಂಡರ್ಸ್‌ನ ಹುಡುಗನಿಗೆ ಅದು ಅಪ್ಪನ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಎರಿಟ್ರಿಯಾದ ರಾಜಧಾನಿ ಅಸ್ಮಾರಾದ ಹುಡುಗನಿಗೆ ಪ್ರತಿ ಬಾರಿಯೂ ವೀಸಾ, ವಿಮಾನದ ಟಿಕೆಟ್, ಪರಕೀಯ ಊರಿನಲ್ಲಿ ತಿಂಗಳುಗಟ್ಟಲೆ ವಾಸ. ಗಿರ್ಮೇ ಕೂಡ ಅಂತರರಾಷ್ಟ್ರೀಯ ಒಕ್ಕೂಟವು ಸ್ವಿಟ್ಜರ್ಲೆಂಡ್‌ನ ಎಗ್ಲ್‌ನಲ್ಲಿ ನಡೆಸುವ ತರಬೇತಿ ಕೇಂದ್ರದ ಮೂಲಕವೇ ಬಂದವರು. 2022ರ ಮಾರ್ಚ್‌ನಲ್ಲಿ ಬೆಲ್ಜಿಯಂನ ಗೆಂಟ್–ವೆವೆಲ್‌ಗೆಮ್ ರೇಸ್ ಗೆದ್ದ ಅವರು, ಮುಂದಿನ ವಾರದ ಟೂರ್ ಆಫ್ ಫ್ಲಾಂಡರ್ಸ್ ರೇಸ್‌ಗಾಗಿ ಎಲ್ಲರ ಕಣ್ಣು ತಮ್ಮ ಮೇಲಿದ್ದಾಗಲೇ, ಅದನ್ನು ಬಿಟ್ಟು ಹೆಂಡತಿ ಮತ್ತು ಪುಟ್ಟ ಮಗಳನ್ನು ನೋಡಲು ಊರಿಗೆ ಹೊರಟರು. ಯುರೋಪಿನ ವೀಕ್ಷಕರಲ್ಲಿ ಕೆಲವರಿಗೆ ಅದು ವಿಚಿತ್ರವೆನಿಸಿತು, ಅವರಲ್ಲಿ ಹೆಚ್ಚಿನವರು ರೇಸ್ ಮುಗಿಸಿ ರಾತ್ರಿ ಊಟಕ್ಕೆ ಮನೆ ಸೇರುವವರು.

ಎರಿಟ್ರಿಯಾದಲ್ಲಿ ಸೈಕಲ್ ಹುಚ್ಚು ಇಂದು ನಿನ್ನೆಯದಲ್ಲ. ಇಟಲಿಯ ಆಳ್ವಿಕೆಯಲ್ಲಿ ಬಂದ ಆಟ ಅದು. ಆಳುವವರ ರೇಸ್‌ಗಳಲ್ಲಿ ಸ್ಥಳೀಯರಿಗೆ ಪ್ರವೇಶವಿರಲಿಲ್ಲ, 1939ರಲ್ಲಿ ಒಮ್ಮೆ ಒಟ್ಟಿಗೆ ಓಡಿಸಿದಾಗ ಗೆದ್ದವರು ಎರಿಟ್ರಿಯಾದ ಘೆಬ್ರೆಮರಿಯಮ್ ಘೆಬ್ರು. ಸಮುದ್ರಮಟ್ಟದಿಂದ 2,300 ಮೀಟರ್ ಎತ್ತರದ ಅಸ್ಮಾರಾದಲ್ಲಿ ಪ್ರತಿಭೆ ಅಷ್ಟು ಹಿಂದಿನಿಂದಲೂ ಇತ್ತು, ಅದನ್ನು ನೋಡುವವರು ಮಾತ್ರ 2,000 ಮೈಲಿಗಿಂತ ದೂರದಲ್ಲಿದ್ದರು.

ಕೊಲಂಬಿಯಾದ ಮಾತಿಗೆ ಬರುತ್ತೇನೆ. 1983ರಲ್ಲಿ ಟೂರ್ ಡಿ ಫ್ರಾನ್ಸ್ ಹವ್ಯಾಸಿಗಳಿಗೂ ಬಾಗಿಲು ತೆರೆದಾಗ ಕೊಲಂಬಿಯಾ ಇಡೀ ತಂಡವನ್ನೇ ಕಳುಹಿಸಿತು, ಮರುವರ್ಷವೇ ಲೂಯಿಸ್ ಹೆರೆರಾ ಹವ್ಯಾಸಿಯಾಗಿಯೇ ಆಲ್ಪ್ಸ್ ಪರ್ವತದ ಆಲ್ಪ್ ದುಯೆಜ್ ಏರಿನಲ್ಲಿ ಮುಗಿದ ಹಂತವನ್ನು ಗೆದ್ದರು. ಒಬ್ಬೊಬ್ಬರಾಗಿ ಬೇರೆಯವರ ತಂಡದಲ್ಲಿ ಜಾಗ ಬೇಡುವ ಬದಲು ತಮ್ಮದೇ ಭಾಷೆ, ತಮ್ಮದೇ ಅಡುಗೆಯವನು, ತಮ್ಮದೇ ಗಾಳಿಮರೆಯೊಂದಿಗೆ ಬಂದದ್ದು ಅವರಿಗೆ ದೊಡ್ಡ ಬಲವಾಯಿತೆಂದು ನಾನು ನಂಬುತ್ತೇನೆ. ಆಫ್ರಿಕಾದಿಂದ ಇಂಥ ಪ್ರಯತ್ನ ನಡೆದದ್ದು 2015ರಲ್ಲಿ, ದಕ್ಷಿಣ ಆಫ್ರಿಕಾದ ಎಂಟಿಎನ್–ಕ್ಯುಬೆಕಾ ತಂಡ ಟೂರ್‌ಗೆ ಆಹ್ವಾನ ಪಡೆದಾಗ. ಆ ತಂಡದ ಡೇನಿಯಲ್ ತೆಕ್ಲೆಹೈಮನೋತ್ ಏರುಗಳ ಅಗ್ರಸ್ಥಾನಿಯ ಕೆಂಪು ಚುಕ್ಕೆಯ ಜೆರ್ಸಿ ತೊಟ್ಟರು. ಪ್ರಾಯೋಜಕರು ಬದಲಾಗುತ್ತ ಹೋಗಿ, ಹಣ ಹೊಂದದೆ, 2021ರ ಕೊನೆಗೆ ಅದು ಅಗ್ರ ದರ್ಜೆಯಿಂದ ಮರೆಯಾಯಿತು.

ಯುರೋಪಿನಲ್ಲೇ ಹುಟ್ಟಿದ ಅಲ್ಪಸಂಖ್ಯಾತರ ಸ್ಥಿತಿ ಸ್ವಲ್ಪ ಬೇರೆ, ಅವರಿಗೆ ವೀಸಾ ಬೇಕಿಲ್ಲ. ಆದರೂ ಬ್ರಿಟನ್ನಿನ ಮಾರಿಸ್ ಬರ್ಟನ್ 1970ರ ದಶಕದಲ್ಲಿ ಲೆಸ್ಟರ್‌ನ ಟ್ರ್ಯಾಕ್‌ನಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಾಗ ಪ್ರೇಕ್ಷಕರು ಚಪ್ಪಾಳೆಯ ಬದಲು ಕೂಗಿ ಅಣಕಿಸಿದರು; ಅವರು ಬೆಲ್ಜಿಯಂಗೆ ಹೋಗಿ ರೇಸ್ ಮಾಡಿ ಬದುಕಿದರು. ಇದಕ್ಕೆ ಎದುರಾಗಿ, ದಕ್ಷಿಣ ಲಂಡನ್ನಿನ ಪೆಕ್ಹ್ಯಾಮ್ ಬಡಾವಣೆಯಲ್ಲಿ ಮಕ್ಕಳಿಗೆ ಸೈಕಲ್, ಹೆಲ್ಮೆಟ್ ಕೊಟ್ಟು ಕಲಿಸುವ ಬಿಎಂಎಕ್ಸ್ (ಉಬ್ಬುತಗ್ಗಿನ ಟ್ರ್ಯಾಕ್‌ನ ಸಣ್ಣ ಚಕ್ರದ ಸೈಕಲ್ ರೇಸ್) ಕ್ಲಬ್ ಇದ್ದುದರಿಂದ ಅಲ್ಲಿನ ಸವಾರ ಕೈ ವೈಟ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದರು.

2025ರ ಸೆಪ್ಟೆಂಬರ್‌ನಲ್ಲಿ ವಿಶ್ವ ರಸ್ತೆ ಚಾಂಪಿಯನ್‌ಷಿಪ್ ಮೊದಲ ಬಾರಿಗೆ ಆಫ್ರಿಕಾದಲ್ಲಿ, ರುವಾಂಡದ ಕಿಗಾಲಿಯಲ್ಲಿ ನಡೆಯಿತು. ಆಗ ಯುರೋಪಿನ ಕೆಲವು ಶ್ರೀಮಂತ ಒಕ್ಕೂಟಗಳು ಪ್ರಯಾಣ ದುಬಾರಿಯೆಂದು ತಮ್ಮ ಕಿರಿಯ ಸವಾರರನ್ನು ಕಳುಹಿಸಲಿಲ್ಲ. ಒಂದೇ ಒಂದು ವಾರದ ರೇಸ್‌ಗೆ ಅವರಿಗೆ ಹೊರೆಯೆನಿಸಿದ ಆ ಖರ್ಚನ್ನು ಆಫ್ರಿಕಾದ ಸವಾರರು ಪ್ರತಿ ಋತುವಿನಲ್ಲೂ ಹೊರುತ್ತ ಬಂದಿದ್ದಾರೆ.

ಮುಂದೆ ಇದು ಬದಲಾಗುತ್ತದೆಯೇ ಎಂದು ನೀವು ಗಮನಿಸುವುದಾದರೆ ಜುಲೈನ ಟೂರ್ ಪಟ್ಟಿಗೆ ಕಾಯಬೇಡಿ. 23 ವರ್ಷದೊಳಗಿನವರಿಗಾಗಿ ಫ್ರಾನ್ಸ್‌ನಲ್ಲಿ ನಡೆಯುವ ಟೂರ್ ದ ಲಾವೆನೀರ್‌ನ ಸವಾರರ ಪಟ್ಟಿಯನ್ನು ನೋಡುತ್ತಿರಿ. ಕೊಲಂಬಿಯಾದ ನೈರೋ ಕ್ವಿಂಟಾನಾ 2010ರಲ್ಲಿ, ಎಗಾನ್ ಬೆರ್ನಾಲ್ 2017ರಲ್ಲಿ ಅಲ್ಲಿ ಗೆದ್ದರು. ಬೆರ್ನಾಲ್ ಟೂರ್ ಡಿ ಫ್ರಾನ್ಸ್ ಗೆದ್ದದ್ದು ಅದಾದ ಎರಡೇ ವರ್ಷಕ್ಕೆ.